ಗಾಡಿ ತಗ್ಗಿಸುವ ಮುಂಚೆ ಆಕ್ಸಲ್ ನೋಡಿ: ಕಾಸರಗೋಡಿನ ಚಡಾವಿನಲ್ಲಿ ಕಲಿತದ್ದು

ಬದಿಯಡ್ಕದಿಂದ ಒಳಗೆ ನಮ್ಮ ಮನೆಗೆ ಬರುವ ದಾರಿಯ ಕೊನೆಯ ತುಂಡು ಒಂದು ಕಡಿದಾದ ಕಾಂಕ್ರೀಟ್ ಚಡಾವು. ಒಂದು ಬದಿ ದರೆ, ಇನ್ನೊಂದು ಬದಿ ಕೆಳಗೆ ಅಡಿಕೆ ತೋಟ. ಚಡಾವು ಮುಗಿಯುವಲ್ಲೇ ಸ್ಟೇರಿಂಗ್ ಪೂರ್ತಿ ಬಲಕ್ಕೆ ಎಳೆದು ಅಂಗಳಕ್ಕೆ ಹತ್ತಿಸಬೇಕು. ವರ್ಷಗಟ್ಟಲೆ ಹಾಗೇ ಹತ್ತಿಸಿದ್ದೆ, ಹಳೇ ಹ್ಯಾಚ್‌ಬ್ಯಾಕಿಗೆ ಏನೂ ಆಗಿರಲಿಲ್ಲ. ಒಂದು ದಿನ ಚಂದ ಕಾಣಲಿ ಅಂತ ಅದರ ಸ್ಪ್ರಿಂಗ್ ಕತ್ತರಿಸಿ ಎರಡು ಇಂಚು ತಗ್ಗಿಸಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ, ಇಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ಎಡಗಡೆಯ ಶಾಫ್ಟಿನ ಎರಡೂ ಜಾಯಿಂಟ್ ಹೋಯಿತು.

ಈಗ ಅಕ್ಕನ ಮಗ ಕೇಳುತ್ತಿದ್ದಾನೆ, "ಮಾವ, ನನ್ನ ಗಾಡಿ ಸ್ವಲ್ಪ ತಗ್ಗಿಸಿದ್ರೆ ಆಕ್ಸಲಿಗೆ ಏನಾದ್ರೂ ಆಗ್ತದಾ?" ಅಂತ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ಚಿಕ್ಕದಾಗಿ ಹೇಳುವುದಾದರೆ, ಗಾಡಿ ತಗ್ಗಿಸಿದರೆ ಸವೆಯುವುದು ಹೆಚ್ಚಾಗಿ ಒಳಗಿನ ಜಾಯಿಂಟ್. ಹೊರಗಿನ ಜಾಯಿಂಟನ್ನು ಸವೆಸುವುದು ನಮ್ಮ ಬಲಗಾಲು. ಎರಡೂ ಸೇರಿದರೆ ಜಾಯಿಂಟನ್ನು ಮುಚ್ಚುವ ರಬ್ಬರ್ ಬೂಟ್ ಮೊದಲು ಹರಿಯುತ್ತದೆ. ಮತ್ತೆ ಉಳಿದದ್ದನ್ನು ನಮ್ಮ ಮಳೆ ನೋಡಿಕೊಳ್ಳುತ್ತದೆ.

ಆಕ್ಸಲ್ ಅಂದರೆ ಯಾವುದು?

ವರ್ಕ್‌ಶಾಪಿನಲ್ಲಿ "ಆಕ್ಸಲ್ ಹೋಗಿದೆ" ಅಂದರೆ ಸಾಮಾನ್ಯವಾಗಿ ಮುಂದಿನ ಡ್ರೈವ್ ಶಾಫ್ಟ್ ಅಂತ ಅರ್ಥ. ಇವತ್ತಿನ ಸಣ್ಣ ಕಾರುಗಳಲ್ಲಿ ಹೆಚ್ಚಿನವು ಮುಂದಿನ ಚಕ್ರದಿಂದಲೇ ಓಡುವಂಥವು. ಗೇರ್‌ಬಾಕ್ಸಿನಿಂದ ಎಡಕ್ಕೊಂದು, ಬಲಕ್ಕೊಂದು ಶಾಫ್ಟ್ ಹೊರಡುತ್ತದೆ. ಗೇರ್‌ಬಾಕ್ಸ್ ಗಾಡಿಯ ನಡುವಿನಲ್ಲಿ ಇರುವುದಿಲ್ಲವಾದ್ದರಿಂದ ಬಹಳ ಗಾಡಿಗಳಲ್ಲಿ ಒಂದು ಶಾಫ್ಟ್ ಗಿಡ್ಡ, ಇನ್ನೊಂದು ಉದ್ದ. ಈ ಗಿಡ್ಡ–ಉದ್ದದ ವಿಷಯ ನೆನಪಿಡಿ, ಮುಂದೆ ಬೇಕಾಗುತ್ತದೆ.

ಪ್ರತಿ ಶಾಫ್ಟಿಗೆ ಎರಡು ಜಾಯಿಂಟ್. ಚಕ್ರದ ಬದಿಯದ್ದು ಹೊರಗಿನದು: ಬಟ್ಟಲಿನ ಒಳಗೆ ಆರು ಉಕ್ಕಿನ ಗುಂಡುಗಳು, ತಮ್ಮ ತಮ್ಮ ಚಡಿಯಲ್ಲಿ ಓಡುತ್ತವೆ. ಸ್ಟೇರಿಂಗ್ ತಿರುಗಿಸಿದಾಗ ಚಕ್ರದ ಜೊತೆ ಇದೂ ಮಡಚಬೇಕು. ಅದಕ್ಕೇ ಸುಮಾರು 45 ಡಿಗ್ರಿವರೆಗೆ ಬಾಗುವ ಹಾಗೆ ಮಾಡಿರುತ್ತಾರೆ. ಗೇರ್‌ಬಾಕ್ಸ್ ಬದಿಯದ್ದು ಒಳಗಿನದು. ಇದರಲ್ಲಿ ಹೆಚ್ಚಾಗಿ ಗುಂಡು ಇರುವುದಿಲ್ಲ. ಮೂರು ರೋಲರ್ ಇರುವ ಟ್ರೈಪಾಡ್ ಇರುತ್ತದೆ. ಚಕ್ರ ಮೇಲೆ ಕೆಳಗೆ ಆಗುವಾಗ ಶಾಫ್ಟ್ ಸ್ವಲ್ಪ ಒಳಗೆ ಹೊರಗೆ ಜಾರಬೇಕಲ್ವಾ, ಆ ಜಾರುವ ಕೆಲಸ ಇದರದ್ದು. ಇದು ಹೊರಗಿನದರ ಅರ್ಧದಷ್ಟು ಮಾತ್ರ ಬಾಗುತ್ತದೆ.

ಎರಡರ ಮೇಲೂ ಮಡಿಕೆ ಮಡಿಕೆಯ ಬೂಟ್, ಒಳಗೆ ಗ್ರೀಸ್. ಗ್ರೀಸ್ ಇರುವವರೆಗೆ ಜಾಯಿಂಟ್ ಸುಲಭದಲ್ಲಿ ಸಾಯುವುದಿಲ್ಲ. ಬೂಟ್ ಹರಿದ ದಿನದಿಂದ ಅದರ ದಿನ ಎಣಿಕೆ ಶುರು.

(ಜೀಪು, ಪಿಕಪ್ ಇಟ್ಟುಕೊಂಡವರ ಲೆಕ್ಕ ಬೇರೆ. ಅದರಲ್ಲಿ ಹಿಂದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್, ಅದರ ಕೀಲಾದ ಯುಜೆ ಕ್ರಾಸ್ ನೋಡಬೇಕು. ಇಲ್ಲಿ ಅದರ ಸುದ್ದಿಗೆ ಹೋಗುವುದಿಲ್ಲ.)

ತಗ್ಗಿಸಿದಾಗ ಒಳಗೆ ಏನಾಗುತ್ತದೆ?

ತಗ್ಗಿಸುವುದು ಅಂದರೆ ಚಕ್ರ ಇದ್ದಲ್ಲೇ ಇದ್ದು, ಗಾಡಿಯ ಮೈ ಕೆಳಗೆ ಬರುವುದು. ಮೈಯ ಜೊತೆ ಗೇರ್‌ಬಾಕ್ಸೂ ಕೆಳಗೆ ಬಂತು. ಶಾಫ್ಟಿನ ಚಕ್ರದ ತುದಿ ಮೇಲೆ, ಗೇರ್‌ಬಾಕ್ಸ್ ತುದಿ ಕೆಳಗೆ. ಹೀಗೆ ಓರೆಯಾಗಿ ತಿರುಗುವ ಶಾಫ್ಟಿನಲ್ಲಿ ಒಳಗಿನ ಜಾಯಿಂಟಿನ ರೋಲರುಗಳು ಪ್ರತಿ ಸುತ್ತಿಗೆ ಹಿಂದೆ ಮುಂದೆ ಉಜ್ಜುತ್ತವೆ. ಓರೆ ಜಾಸ್ತಿಯಾದಷ್ಟೂ ಉಜ್ಜುವ ದೂರ ಜಾಸ್ತಿ. ಗಾಡಿ ಎಳೆಯುವಾಗ ಒಂದು ಸುತ್ತಿಗೆ ಮೂರು ಸಲ ತಳ್ಳಿದ ಹಾಗಾಗಿ ಮುಂಭಾಗ ನಡುಗುತ್ತದೆ. ಕಾಲು ತೆಗೆದರೆ ನಡುಕ ನಿಲ್ಲುತ್ತದೆ.

ಹಳೇ ಗಾಡಿಯಲ್ಲಿ ಇನ್ನೊಂದು ತೊಂದರೆ ಇದೆ. ರೋಲರುಗಳು ಇಷ್ಟು ವರ್ಷ ಓಡಿದ ಜಾಗ ಸವೆದು ಒಂದು ಪಟ್ಟಿಯಾಗಿರುತ್ತದೆ. ಎತ್ತರ ಬದಲಾದಾಗ ಅವು ಆ ಪಟ್ಟಿಯ ಅಂಚಿನ ಮೇಲೆ ಹತ್ತಿ ಇಳಿಯಲು ಶುರುಮಾಡುತ್ತವೆ. ನಿನ್ನೆವರೆಗೆ ಸರಿಯಿದ್ದ ಗಾಡಿ ತಗ್ಗಿಸಿದ ಮರುದಿನವೇ ನಡುಗುವುದು ಇದರಿಂದಲೂ ಆಗುತ್ತದೆ.

ಹೊರಗಿನ ಜಾಯಿಂಟಿಗೆ? ನಿಜ ಹೇಳಬೇಕೆಂದರೆ, ಬರೀ ತಗ್ಗಿಸಿದ್ದರಿಂದ ಅದಕ್ಕೆ ದೊಡ್ಡ ಪೆಟ್ಟಿಲ್ಲ. 35–40 ಡಿಗ್ರಿ ಮಡಚಿಕೊಳ್ಳುವುದು ಅದಕ್ಕೆ ದಿನದ ಕೆಲಸ. ಅದು ಅಡ್ಡಕ್ಕೆ ಮಡಚುವುದು, ತಗ್ಗಿಸಿದ ಓರೆ ಮೇಲೆ ಕೆಳಗೆ; ದಿಕ್ಕು ಬೇರೆಯಾದ್ದರಿಂದ ಐದಾರು ಡಿಗ್ರಿ ಓರೆ ಸೇರಿದರೂ ಒಟ್ಟು ಕೋನ ಒಂದು ಡಿಗ್ರಿಯೂ ಏರುವುದಿಲ್ಲ. "ತಗ್ಗಿಸಿದರೆ ಹೊರಗಿನ ಜಾಯಿಂಟ್ ಟಕ್ ಟಕ್ ಅನ್ನುತ್ತದೆ" ಅಂತ ಹೇಳುವವರು ಬೇರೆ ಯಾವುದೋ ಕಾರಣವನ್ನು ಸ್ಪ್ರಿಂಗಿನ ತಲೆಗೆ ಕಟ್ಟುತ್ತಿರುತ್ತಾರೆ.

ಸೊಂಟದಿಂದ ಕೆಳಗಿನ ಬೇರೆ ಸಾಮಾನುಗಳಿಗೂ ಬಿಸಿ ತಟ್ಟುತ್ತದೆ. ಅಲೈನ್‌ಮೆಂಟ್ (ಚಕ್ರ ನಿಲ್ಲುವ ಕೋನ) ತಪ್ಪಿ ಟಯರಿನ ಒಳಬದಿ ತಿನ್ನುತ್ತದೆ. ಸ್ಪೇಸರ್ ಹಾಕಿ ಚಕ್ರ ಹೊರಗೆ ತಂದರೆ ವೀಲ್ ಬೇರಿಂಗ್ ಬೇಗ ಗುಂಯ್ ಅನ್ನುತ್ತದೆ.

ಮೊದಲ ಕೆಲಸ: ಅಳೆಯಿರಿ

ವರ್ಕ್‌ಶಾಪಿಗೆ ಹೋಗುವ ಮುಂಚೆ ಮನೆಯಲ್ಲೇ ಒಂದು ಗಂಟೆ ಕೊಡಿ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ. ಜಾಕ್ ಹಾಕಬೇಡಿ, ಜಾಕ್ ಹಾಕಿದರೆ ಚಕ್ರ ನೇತಾಡಿ ಅಳತೆ ಸುಳ್ಳಾಗುತ್ತದೆ. ಟೇಪಿನಲ್ಲಿ ಮೂರು ಅಳತೆ ಸಾಕು:

- ಚಕ್ರದ ನಡುವಿನ ನಟ್ ನೆಲದಿಂದ ಎಷ್ಟು ಎತ್ತರ
- ಒಳಗಿನ ಜಾಯಿಂಟಿನ ನಡುಭಾಗ ನೆಲದಿಂದ ಎಷ್ಟು ಎತ್ತರ
- ಒಂದು ಜಾಯಿಂಟಿನಿಂದ ಇನ್ನೊಂದಕ್ಕೆ ಎಷ್ಟು ದೂರ

ಎರಡು ಎತ್ತರಗಳ ವ್ಯತ್ಯಾಸವೇ ನಿಮ್ಮ ಓರೆ. ದೂರ 40 ಸೆಂ.ಮೀ. ಇದ್ದರೆ ಪ್ರತಿ 7 ಮಿ.ಮೀ. ವ್ಯತ್ಯಾಸಕ್ಕೆ ಒಂದು ಡಿಗ್ರಿ ಅಂತ ಹಿಡಿಯಿರಿ. 60 ಸೆಂ.ಮೀ. ಇದ್ದರೆ ಒಂದು ಡಿಗ್ರಿಗೆ ಸುಮಾರು ಹತ್ತೂವರೆ ಮಿ.ಮೀ. ಈಗ ಗಿಡ್ಡ–ಉದ್ದದ ಲೆಕ್ಕ ಬಂತು ನೋಡಿ. ಅದೇ 50 ಮಿ.ಮೀ. ತಗ್ಗಿಸಿದರೆ ಗಿಡ್ಡ ಶಾಫ್ಟಿನ ಕೋನ 7 ಡಿಗ್ರಿ ಬದಲಾಗುತ್ತದೆ, ಉದ್ದದ್ದು 5 ಡಿಗ್ರಿಯ ಒಳಗೇ ನಿಲ್ಲುತ್ತದೆ. ನನ್ನ ಗಾಡಿಯಲ್ಲಿ ಎಡಗಡೆಯದ್ದೇ ಮೊದಲು ಹೋದದ್ದು ಯಾಕೆ ಅಂತ ಆಮೇಲೆ ತಲೆಗೆ ಹೋಯಿತು. ಗಿಡ್ಡ ಶಾಫ್ಟ್ ಇದ್ದದ್ದು ಅದೇ ಬದಿ.

ಯಾವ ತುದಿ ಮೇಲಿದೆ ಅಂತಲೂ ಬರೆದಿಟ್ಟುಕೊಳ್ಳಿ. ಕೆಲವು ಗಾಡಿಗಳಲ್ಲಿ ಕಂಪನಿ ಎತ್ತರದಲ್ಲಿ ಚಕ್ರದ ತುದಿ ಸ್ವಲ್ಪ ಕೆಳಗಿರುತ್ತದೆ. ಅಂಥ ಗಾಡಿಯನ್ನು 15–20 ಮಿ.ಮೀ. ತಗ್ಗಿಸಿದರೆ ಶಾಫ್ಟ್ ಇನ್ನಷ್ಟು ನೇರವೇ ಆಗುತ್ತದೆ, ಕೆಡುಕೇನಿಲ್ಲ. ಮೊದಲೇ ನೇರವಾಗಿದ್ದರೆ ಅಥವಾ ಚಕ್ರದ ತುದಿ ಮೇಲಿದ್ದರೆ ಪ್ರತಿ ಮಿಲಿಮೀಟರೂ ಓರೆಯನ್ನು ಹೆಚ್ಚಿಸುತ್ತದೆ. ನಿಂತ ಗಾಡಿಯಲ್ಲಿ 7–8 ಡಿಗ್ರಿ ದಾಟುವುದಾದರೆ ಬೇಡ ಅಂತ ನನ್ನ ಲೆಕ್ಕ. ಜನ ಕೂತು, ಹೊಂಡಕ್ಕೆ ಇಳಿದಾಗ ಅದು ಇನ್ನೂ ಏರುವುದಿದೆಯಲ್ಲ.

ಎರಡನೇದು: ಹಂಪಿನ ಲೆಕ್ಕ

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಅಳತೆ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಅಷ್ಟು ಅಗಲದ ಹಂಪಿನ ಮೇಲೆ ಸಣ್ಣ ಕಾರಿನ ನಾಲ್ಕೂ ಚಕ್ರ ಒಟ್ಟಿಗೆ ಹತ್ತಿ ಕೂರುತ್ತವೆ. ಎರಡು ಆಕ್ಸಲ್ ನಡುವೆ 2.4 ಮೀಟರ್ ಇರುವ ಗಾಡಿಗೆ ಹೊಟ್ಟೆಯಡಿ ನಾಲ್ಕು ಸೆಂ.ಮೀ. ಮಾತ್ರ ಹೋಗುತ್ತದೆ. ಆದರೆ ನಮ್ಮ ಒಳಮಾರ್ಗದ ಹಂಪುಗಳು ಅಳತೆ ಟೇಪು ಕಂಡವಲ್ಲ. ಎರಡಡಿ ಅಗಲ, ಗೋಡೆಯ ಹಾಗೆ ಎದ್ದು ನಿಂತಿರುತ್ತವೆ. ಮುಂದಿನ ಚಕ್ರ ದಾಟಿ ಹಿಂದಿನದು ಹತ್ತುವ ಮುಂಚೆ ಆ ಹತ್ತು ಸೆಂ.ಮೀ. ಇಡೀ ನಿಮ್ಮ ಹೊಟ್ಟೆಯಡಿ ಬರುತ್ತದೆ.

ನೆಲಕ್ಕೂ ಹೊಟ್ಟೆಗೂ ನಡುವೆ 170 ಮಿ.ಮೀ. ಜಾಗ (ಕ್ಲಿಯರೆನ್ಸ್) ಇರುವ ಗಾಡಿಯನ್ನು 50 ತಗ್ಗಿಸಿದರೆ 120 ಉಳಿಯಿತು. ಹಿಂದೆ ಮೂವರು, ಡಿಕ್ಕಿಯಲ್ಲಿ ಒಂದು ಅಡಿಕೆ ಚೀಲ ಹಾಕಿದರೆ ಇನ್ನೂ ಮೂರು ಸೆಂ.ಮೀ. ಇಳಿಯಿತು ಅಂತಿಟ್ಟುಕೊಳ್ಳಿ. ಉಳಿದದ್ದು 90. ಹಂಪು 100. ಮತ್ತೆ ಕೇಳಬೇಕಾ?

ಮೂರನೇದು: ಕಾನೂನು

ಮೋಟಾರು ವಾಹನ ಕಾಯಿದೆ 1988ರ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಕೇರಳದಿಂದ ಹೋದ ಕೇಸಿನಲ್ಲೇ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ಕೆಎಲ್ 14 ನಂಬರಿನ ಗಾಡಿ ತಲಪಾಡಿ ದಾಟಿ ಮಂಗಳೂರಿಗೆ ಹೋದರೂ ಕಾಯಿದೆ ಅದೇ. ಸ್ಪ್ರಿಂಗ್, ಚಕ್ರ, ಸ್ಪೇಸರ್ ಮೂರೂ ಬದಲಾಯಿಸಿದವರು ಐದು ಸಾವಿರವನ್ನು ಮೂರರಿಂದ ಗುಣಿಸಿ ನೋಡಿ. ಏನೇ ಮಾಡುವ ಮುಂಚೆ ಆರ್‌ಟಿಓ ಕಚೇರಿಯಲ್ಲಿ ವಿಚಾರಿಸಿ.

ನಾಲ್ಕನೇದು: ಸ್ಪ್ರಿಂಗ್ ಕತ್ತರಿಸಬೇಡಿ

ನಾನು ಮಾಡಿದ ತಪ್ಪು ಇದೇ. ಹೆದ್ದಾರಿ ಬದಿಯ ಒಂದು ವರ್ಕ್‌ಶಾಪಿನಲ್ಲಿ ಗ್ರೈಂಡರ್ ಹಿಡಿದು ಒಂದೂವರೆ ಸುತ್ತು ಕತ್ತರಿಸಿದರು. ಅರ್ಧ ದಿನದ ಕೆಲಸ. ಸುತ್ತು ಕಮ್ಮಿಯಾದ ಸ್ಪ್ರಿಂಗ್ ಗಟ್ಟಿಯಾಗುತ್ತದೆ, ಗಿಡ್ಡವೂ ಆಗುತ್ತದೆ. ಚಕ್ರ ಕೆಳಗೆ ನೇತಾಡಿದಾಗ ಅದು ತನ್ನ ಬಟ್ಟಲಿನಲ್ಲಿ ಸಡಿಲಾಗಿ ಕಟಕಟ ಅನ್ನುತ್ತದೆ. ಸರಿದು ಕೂತರೆ ಅಪಾಯ. ಶಾಕ್ ಅಬ್ಸಾರ್ಬರ್ ಮಾತ್ರ ಹಳೇದೇ ಇರುತ್ತದೆ. ಗಟ್ಟಿ ಸ್ಪ್ರಿಂಗನ್ನು ಹಿಡಿಯಲು ಅದಕ್ಕೆ ಆಗುವುದಿಲ್ಲ, ಗಾಡಿ ಕುಣಿಯುತ್ತದೆ. ಕುಣಿತದ ಪ್ರತಿ ಹೆಜ್ಜೆಗೂ ಶಾಫ್ಟ್ ಕೋನ ಬದಲಾಯಿಸುತ್ತಿರುತ್ತದೆ. ಸ್ಪ್ರಿಂಗಿಗೆ ಬೆಂಕಿ ಹಿಡಿದು ಕೂರಿಸುವುದು ಇದಕ್ಕಿಂತಲೂ ಕೆಟ್ಟದು, ಉಕ್ಕಿನ ಹದವೇ ಹೋಗುತ್ತದೆ.

ಅನುಮತಿ ಸಿಕ್ಕಿ, ಮಾಡಲೇಬೇಕು ಅಂತಿದ್ದರೆ ಆ ಗಾಡಿಗೇ ಮಾಡಿದ ಗಿಡ್ಡ ಸ್ಪ್ರಿಂಗ್, ಅದಕ್ಕೆ ಹೊಂದುವ ಶಾಕ್, ಎರಡೂ ಒಟ್ಟಿಗೆ ಹಾಕಿಸಿ. 25 ಮಿ.ಮೀ.ಗೆ ನಿಲ್ಲಿಸಿ. ಅದೇ ದಿನ ಅಲೈನ್‌ಮೆಂಟ್ ಮಾಡಿಸಿ. ಒಂದು ವಾರ ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಮತ್ತೆ ಅಳೆಯಿರಿ, ಒಂದಿಷ್ಟು ಇನ್ನೂ ಇಳಿದಿರುತ್ತದೆ.

ಐದನೇದು: ನಿಮ್ಮ ಕಾಲು

ಈ ಭಾಗ ತಗ್ಗಿಸದವರಿಗೂ ಸೇರಿದ್ದು. ನನ್ನ ಪ್ರಕಾರ ನಮ್ಮ ಊರಲ್ಲಿ ಹೊರಗಿನ ಜಾಯಿಂಟ್ ಸಾಯುವುದು ಹೆದ್ದಾರಿಯಲ್ಲಲ್ಲ, ಮನೆಯ ಅಂಗಳದಲ್ಲಿ.

ಲೆಕ್ಕ ನೋಡಿ. ಇಂಜಿನ್ 110 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ ಅಂತಿಟ್ಟುಕೊಳ್ಳಿ. ಅದನ್ನು ಒಂದನೇ ಗೇರ್ 3.5 ಪಟ್ಟು, ಆಮೇಲಿನ ಫೈನಲ್ ಡ್ರೈವ್ ಗೇರ್ ಮತ್ತೆ 4.1 ಪಟ್ಟು ಮಾಡಿದರೆ ಗುಣಿಸಿ ಬರುವುದು ಸುಮಾರು 1,580. ಎರಡು ಶಾಫ್ಟಿಗೆ ಹಂಚಿದರೆ ಒಂದೊಂದಕ್ಕೆ 790. ಅದೇ ಇಂಜಿನ್ ಐದನೇ ಗೇರಿನಲ್ಲಿ, ರೇಷಿಯೋ 0.76 ಅಂದರೆ, ಒಂದೊಂದು ಶಾಫ್ಟಿಗೆ ಕೊಡುವುದು ಸುಮಾರು 170. ಅಂದರೆ ಒಂದನೇ ಗೇರಿನಲ್ಲಿ ಜಾಯಿಂಟಿನ ಮೇಲೆ ಬೀಳುವ ಬಲ ನಾಲ್ಕೂವರೆ ಪಟ್ಟು. ಇದರ ಜೊತೆ ಜಾಯಿಂಟ್ ಪೂರ್ತಿ ಮಡಚಿದ್ದರೆ ಗುಂಡುಗಳು ಪ್ರತಿ ಸುತ್ತಿಗೆ ಚಡಿಯ ತುದಿಯವರೆಗೆ ಓಡುತ್ತಾ ಅಷ್ಟನ್ನೂ ಹೊರಬೇಕು. ನಮ್ಮ ಚಡಾವಿನ ತಿರುವು ಅಂದರೆ ಇದೇ: ಒಂದನೇ ಗೇರ್, ಪೂರ್ತಿ ತಿರುಗಿದ ಸ್ಟೇರಿಂಗ್, ಪೂರ್ತಿ ಒತ್ತಿದ ಕಾಲು.

ಮಳೆಗಾಲದಲ್ಲಿ ಕಾಂಕ್ರೀಟಿನ ಮೇಲೆ ಹಾವಸೆ ಕಟ್ಟುತ್ತದೆ. ಡಿಕ್ಕಿಯಲ್ಲಿ ಭಾರವಿದ್ದರೆ ಏರಿನಲ್ಲಿ ಮುಂದಿನ ಚಕ್ರ ಹಗುರವಾಗಿ ಜಾರಿ ಗರಗರ ತಿರುಗುತ್ತದೆ. ಕಾಲು ಇನ್ನಷ್ಟು ಒತ್ತುತ್ತೇವೆ. ಚಕ್ರಕ್ಕೆ ಒಮ್ಮೆಲೇ ಒಣ ಜಾಗ ಸಿಕ್ಕಿ ಕಚ್ಚಿಕೊಂಡಾಗ ತಿರುಗುತ್ತಿದ್ದ ಇಂಜಿನಿನ ಪೂರ್ತಿ ರಭಸ ಶಾಫ್ಟಿಗೆ ಸುತ್ತಿಗೆ ಏಟಿನ ಹಾಗೆ ಬೀಳುತ್ತದೆ. ಆ "ಢಬ್" ನೀವೂ ಕೇಳಿರುತ್ತೀರಿ.

ಇದಕ್ಕೆ ನಾನು ಮಾಡಿಕೊಂಡ ಬದಲಾವಣೆಗಳು ಸಣ್ಣವು. ಸ್ಟೇರಿಂಗ್ ಕೊನೆ ಮುಟ್ಟಿದ ಮೇಲೆ ನಾಲ್ಕು ಬೆರಳಿನಷ್ಟು ವಾಪಸ್ ತಂದು ಆಮೇಲೆ ಕಾಲು ಕೊಡುತ್ತೇನೆ. ಚಡಾವಿಗೆ ಕೆಳಗಿನಿಂದಲೇ ಒಂದೇ ಸಮ ಬರುತ್ತೇನೆ. ತಿರುವಿನಲ್ಲಿ ನಿಂತು ಮತ್ತೆ ಎಳೆಸುವುದಿಲ್ಲ. ಒಂದೇ ಏಟಿಗೆ ತಿರುಗಿಸುವ ಜಂಬ ಬಿಟ್ಟು, ಒಮ್ಮೆ ಹಿಂದೆ ತಂದು ಎರಡು ಸಲದಲ್ಲಿ ತಿರುಗಿಸುತ್ತೇನೆ. ಚಕ್ರ ಜಾರಿದರೆ ಕಾಲು ತೆಗೆಯುತ್ತೇನೆ. ಮೇ ತಿಂಗಳ ಕೊನೆಗೆ ಚಡಾವಿನ ಹಾವಸೆಯನ್ನು ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿಸುತ್ತೇನೆ. ಹೆಂಡತಿಗೆ ಇದು ಅವಳು ಜಾರಬಾರದು ಅಂತ ಮಾಡಿದ್ದು ಅಂತ ಸಂತೋಷ. ಇರಲಿ.

ಹಂಪು, ಹೊಂಡಗಳಲ್ಲಿ ಬ್ರೇಕು ಮುಂಚೆಯೇ ಹಿಡಿದು, ಚಕ್ರ ತಾಗುವ ಹೊತ್ತಿಗೆ ಬಿಡಿ. ಬ್ರೇಕ್ ಹಿಡಿದೇ ಇಳಿದರೆ ಮೂಗು ಮೊದಲೇ ಬಗ್ಗಿರುತ್ತದೆ, ಸ್ಪ್ರಿಂಗಿಗೆ ಜಾಗ ಉಳಿದಿರುವುದಿಲ್ಲ. ತಗ್ಗಿಸಿದ ಗಾಡಿಯವರು ಹಂಪನ್ನು ಓರೆಯಾಗಿ ದಾಟಿಸುತ್ತಾರೆ. ತಪ್ಪಲ್ಲ, ಆದರೆ ಆಗ ಒಂದು ಚಕ್ರ ಮೇಲೆ, ಒಂದು ಕೆಳಗೆ, ಜೊತೆಗೆ ಸ್ಟೇರಿಂಗೂ ತಿರುಗಿರುತ್ತದೆ. ಕಾಲು ಕೊಡದೆ ಉರುಳಿಸಿಕೊಂಡು ದಾಟಿ. ಕ್ಲಚ್ ಪಟ್ಟಂತ ಬಿಟ್ಟು ಗಾಡಿ ಹಾರಿಸುವವರಿಗೆ ನಾನು ಹೇಳುವುದೇನಿಲ್ಲ, ಬಿಲ್ಲು ಹೇಳುತ್ತದೆ.

ಆರನೇದು: ಮೂರು ತಿಂಗಳಿಗೊಮ್ಮೆ ಬಗ್ಗಿ ನೋಡಿ

ಸ್ಟೇರಿಂಗ್ ಪೂರ್ತಿ ಒಂದು ಬದಿಗೆ ತಿರುಗಿಸಿ, ಇಂಜಿನ್ ಆಫ್ ಮಾಡಿ, ಚಕ್ರದ ಹಿಂದೆ ಟಾರ್ಚ್ ಬಿಡಿ. ಬೂಟಿನ ಮಡಿಕೆಗಳು ಈಗ ಬಿಡಿಸಿಕೊಂಡಿರುತ್ತವೆ. ಬೆರಳಲ್ಲಿ ಮಡಿಕೆಯ ತಳ ಒತ್ತಿ ನೋಡಿ. ಬಿರುಕು ಶುರುವಾಗುವುದು ಅಲ್ಲೇ. ರಿಮ್ಮಿನ ಒಳಮೈಗೆ ಕಪ್ಪು ಗ್ರೀಸ್ ಸಿಡಿದ ಗೆರೆ ಇದ್ದರೆ ಹರಿದಾಯಿತು ಅಂತಲೇ ಲೆಕ್ಕ. ತಗ್ಗಿಸಿದ ಗಾಡಿಯಲ್ಲಿ ಒಳಗಿನ ಬೂಟನ್ನು ಮರೆಯಬೇಡಿ. ಅದರ ಮಡಿಕೆಗಳು ಒಂದಕ್ಕೊಂದು ಉಜ್ಜಿ ತೂತಾಗುತ್ತವೆ, ಆದರೆ ಮೇಲಿನಿಂದ ಕಾಣುವುದಿಲ್ಲ.

ಆಮೇಲೆ ಕಿವಿಯ ಕೆಲಸ. ಖಾಲಿ ಮೈದಾನದಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಒಂದು ಸುತ್ತು, ಆಮೇಲೆ ಇನ್ನೊಂದು ಬದಿಗೆ. ಚಕ್ರದ ವೇಗಕ್ಕೆ ತಾಳ ಹಾಕಿದ ಹಾಗೆ ಟಕ್ ಟಕ್ ಟಕ್ ಬಂದರೆ ಹೊರಗಿನ ಜಾಯಿಂಟ್. ನೇರ ಮಾರ್ಗದಲ್ಲಿ ಕಾಲು ಒತ್ತಿದಾಗ ಮಾತ್ರ ನಡುಕ, ಬಿಟ್ಟಾಗ ಇಲ್ಲ ಅಂದರೆ ಒಳಗಿನದು. ಕಾಲು ಒತ್ತಿದರೂ ಬಿಟ್ಟರೂ ಗುಂಯ್ ಅನ್ನುತ್ತಾ ವೇಗದ ಜೊತೆ ಏರುವುದು ವೀಲ್ ಬೇರಿಂಗ್. ಅದಕ್ಕೆ ಆಕ್ಸಲ್ ಬದಲಾಯಿಸಿ ದುಡ್ಡು ಹಾಳುಮಾಡಬೇಡಿ.

ಗಾಡಿ ಎತ್ತಿ ನೋಡುವವರಿಗೆ ಒಂದು ಮಾತು. ನಮ್ಮಲ್ಲಿ ಜಾಕ್ ಹಾಕಿ, ಪಕ್ಕದಲ್ಲಿ ಬಿದ್ದಿದ್ದ ಮುರಕಲ್ಲು ಇಟ್ಟು ಅಡಿಗೆ ನುಗ್ಗುವ ಅಭ್ಯಾಸ ಇದೆ. ಮುರಕಲ್ಲು ಗೋಡೆಗೆ ಒಳ್ಳೆಯದು. ಒಂದೇ ಜಾಗಕ್ಕೆ ಭಾರ ಬಿದ್ದರೆ ಪುಡಿಯಾಗುತ್ತದೆ, ನೀರು ಕುಡಿದ ಕಲ್ಲಾದರೆ ಇನ್ನೂ ಬೇಗ. ಸ್ಟ್ಯಾಂಡ್ ಇಲ್ಲದೆ ಅಡಿಗೆ ಹೋಗಬೇಡಿ.

ಕೊನೆಗೆ: ಬೂಟ್ ಹರಿದರೆ

ಶಬ್ದ ಬರುವ ಮುಂಚೆ ಸಿಕ್ಕಿದರೆ ಬೂಟ್ ಕಿಟ್ ಮಾತ್ರ ಸಾಕು, ನೂರರ ಲೆಕ್ಕದ ಖರ್ಚು. ಶಬ್ದ ಬಂದ ಮೇಲೆ ಹೋದರೆ ಸಾವಿರದ ಲೆಕ್ಕ. ನಾನು ಜೂನ್‌ನಲ್ಲಿ ಗ್ರೀಸಿನ ಗೆರೆ ನೋಡಿ "ಮಳೆ ಮುಗಿಯಲಿ" ಅಂತ ಸುಮ್ನೆ ಬಿಟ್ಟೆ. ಸೆಪ್ಟೆಂಬರಿನಲ್ಲಿ ಜಾಯಿಂಟ್ ಬಿಚ್ಚಿದಾಗ ಒಳಗೆ ಗ್ರೀಸಿನ ಬದಲು ಕೆಂಪು ಮಣ್ಣಿನ ಪಾಯಸ ಇತ್ತು. ಗುಂಡುಗಳ ಮೈಯಲ್ಲಿ ಸಿಡುಬಿನ ಕಲೆಯ ಹಾಗೆ ಗುಳಿಗಳು.

ಕೆಲಸ ಮಾಡಿಸುವಾಗ ಹತ್ತಿರ ನಿಂತು ಇಷ್ಟು ನೋಡಿಕೊಳ್ಳಿ. ಚಕ್ರದ ನಡುವಿನ ದೊಡ್ಡ ನಟ್ಟನ್ನು ಗಾಡಿ ನೆಲದಲ್ಲಿ ಇರುವಾಗಲೇ ಸಡಿಲಿಸಬೇಕು. ಶಾಫ್ಟನ್ನು ಹಿಡಿದು ಜಗ್ಗಬಾರದು, ಒಳಗಿನ ಜಾಯಿಂಟ್ ಕಳಚಿಕೊಳ್ಳುತ್ತದೆ. ಗೇರ್‌ಬಾಕ್ಸ್ ಬದಿಯಿಂದ ಮೀಟಿ ತೆಗೆಯಬೇಕು. ಹಳೇ ಗ್ರೀಸ್ ಪೂರ್ತಿ ತೊಳೆದು ಗುಂಡು, ಚಡಿ ನೋಡಬೇಕು. ಗುಳಿ ಬಿದ್ದಿದ್ದರೆ ಹೊಸ ಬೂಟ್ ಹಾಕಿ ಪ್ರಯೋಜನವಿಲ್ಲ. ಕಿಟ್ಟಿನಲ್ಲಿ ಬಂದ ಗ್ರೀಸನ್ನೇ, ಪೊಟ್ಟಣ ಪೂರ್ತಿ ಹಾಕಬೇಕು. ಡಬ್ಬಿಯಲ್ಲಿರುವ ಬೇರಿಂಗ್ ಗ್ರೀಸ್ ತುಂಬಲು ಬಂದರೆ ಬೇಡ ಅನ್ನಿ. ಕ್ಲಾಂಪ್ ಬಿಗಿಯುವ ಮುಂಚೆ ಬೂಟಿನ ಒಳಗೆ ಸಿಕ್ಕಿಕೊಂಡ ಗಾಳಿ ಬಿಡಿಸಬೇಕು, ಇಲ್ಲದಿದ್ದರೆ ಬಲೂನಿನ ಹಾಗೆ ಉಬ್ಬಿ ಮತ್ತೆ ಉಜ್ಜುತ್ತದೆ. ಕ್ಲಾಂಪಿನ ಬದಲು ಪ್ಲಾಸ್ಟಿಕ್ ಟೈ ಹಾಕಿ ಕಳಿಸುವವರೂ ಇದ್ದಾರೆ. ಕೊನೆಗೆ ನಡುವಿನ ನಟ್ ಹೊಸದು ಹಾಕಿ, ಕಂಪನಿ ಹೇಳಿದ ಟಾರ್ಕಿಗೆ ಬಿಗಿಯಬೇಕು. ಗೇರ್‌ಬಾಕ್ಸಿನಿಂದ ಸೋರಿದಷ್ಟು ಎಣ್ಣೆ ತುಂಬಿಸಲು ನೆನಪಿಸಿ, ಇದನ್ನು ಮರೆಯುವವರು ಜಾಸ್ತಿ.

ಅಕ್ಕನ ಮಗ ಕಳೆದ ಭಾನುವಾರ ಟೇಪು ಹಿಡಿದು ಬಂದಿದ್ದ. ಅವನ ಗಾಡಿಯಲ್ಲಿ ಗಿಡ್ಡ ಶಾಫ್ಟ್ 38 ಸೆಂ.ಮೀ., ಚಕ್ರದ ತುದಿ ಆಗಲೇ 12 ಮಿ.ಮೀ. ಮೇಲಿತ್ತು. ಅವನು ತಗ್ಗಿಸಬೇಕು ಅಂತಿದ್ದದ್ದು 50. ಕೂಡಿಸಿ ನೋಡಿದರೆ 9 ಡಿಗ್ರಿ ದಾಟುತ್ತದೆ. "ಹಾಗಾದ್ರೆ 20 ಮಾಡಿದ್ರೆ, ಮಾವ?" ಅಂದ. ಅಷ್ಟರಲ್ಲಿ ಟಾರ್ಚ್ ಬೆಳಕು ಒಳಗಿನ ಬೂಟಿನ ಮೇಲೆ ಬಿತ್ತು. ಎರಡನೇ ಮಡಿಕೆಯಲ್ಲಿ ಉಗುರಿನಷ್ಟು ಉದ್ದದ ಬಿರುಕು. ಸ್ಪ್ರಿಂಗಿಗೆ ಅಂತ ಎತ್ತಿಟ್ಟಿದ್ದ ದುಡ್ಡಿನಲ್ಲಿ ಸೋಮವಾರ ಅದನ್ನು ಬದಲಾಯಿಸಿಕೊಂಡು ಬಂದ.